ದೂಳಿನಿಂದ ಬರುವ ಜ್ವರ: ವ್ಯಾಲಿ ಫೀವರ್ ಹೆಚ್ಚುತ್ತಿರುವುದೇಕೆ, ತಡವಾಗಿ ತಿಳಿಯುವುದೇಕೆ?

ಅಮೆರಿಕದ ನೈಋತ್ಯ ರಾಜ್ಯಗಳಿಂದ ಕೆಲವು ವರ್ಷಗಳಿಂದ ಒಂದೇ ಬಗೆಯ ಸುದ್ದಿ ಬರುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯ ಹೊತ್ತಿಗೆ ವರ್ಷಕ್ಕೆ ಒಂದು ಸಾವಿರದೊಳಗೇ ಇದ್ದ ‘ವ್ಯಾಲಿ ಫೀವರ್’ ಪ್ರಕರಣಗಳು 2023ರಲ್ಲಿ 9 ಸಾವಿರ ದಾಟಿದವು, 2024ರಲ್ಲಿ 12 ಸಾವಿರವನ್ನೂ ಮೀರಿದವು. ಪಕ್ಕದ ಅರಿಜೋನಾದಲ್ಲಿ ಸಂಖ್ಯೆ ಅದಕ್ಕಿಂತಲೂ ದೊಡ್ಡದು. ‘ಮಾರಕ ಶಿಲೀಂಧ್ರ’ ಎಂಬ ತಲೆಬರಹದ ಕೆಳಗಿನ ಸುದ್ದಿಯಲ್ಲೇ ‘ಹೆಚ್ಚಿನವರಿಗೆ ಚಿಕಿತ್ಸೆಯ ಅಗತ್ಯವೇ ಇಲ್ಲ’ ಎಂಬ ಸಾಲೂ ಇರುತ್ತದೆ. ಫೀನಿಕ್ಸ್, ಚಾಂಡ್ಲರ್, ಲಾಸ್ ಏಂಜಲೀಸ್ ಕಡೆ ಮಕ್ಕಳು ನೆಲೆಸಿರುವ ಮನೆಗಳಲ್ಲಿ ಇದನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಇದು ಕೊರೊನಾದಂತೆ ಅಂಟುವ ರೋಗವೇ, ಅಲ್ಲಿಗೆ ಹೋಗಿ ಬಂದವರಿಂದ ಮನೆಯವರಿಗೆ ಹರಡೀತೇ, ಮಾರಕವೆಂದ ಮೇಲೆ ಚಿಕಿತ್ಸೆ ಬೇಡವೆನ್ನುವುದೇಕೆ ಎಂಬ ಪ್ರಶ್ನೆಗಳಿಗೆ ಸುದ್ದಿಯಲ್ಲಿ ಉತ್ತರ ಸಿಗುವುದು ಕಡಿಮೆ.

ಇದು ಅಂಟುರೋಗವಲ್ಲ. ಸೋಂಕು ತಗಲಿದ ಬಹುಪಾಲು ಜನರಿಗೆ ಪ್ರಾಣಾಪಾಯವೂ ಇಲ್ಲ. ಆದರೂ ಇದನ್ನು ಹಗುರವಾಗಿ ಕಾಣಲಾಗದು. ಏಕೆಂದರೆ ಈ ರೋಗ ಉಂಟುಮಾಡುವ ಹಾನಿಯ ದೊಡ್ಡ ಪಾಲು ರೋಗ ತಡವಾಗಿ ಗೊತ್ತಾಗುವುದರಿಂದ ಆಗುತ್ತಿದೆ, ಮತ್ತು ಆ ವಿಳಂಬವನ್ನು ತಪ್ಪಿಸಲು ಸಾಧ್ಯವಿದೆ.

ಮಣ್ಣಿನಲ್ಲಿ ಎಳೆ, ಮೈಯೊಳಗೆ ಗೋಲ

ರೋಗಕ್ಕೆ ಕಾರಣ ಕಾಕ್ಸಿಡಿಯಾಯ್ಡೀಸ್ ಎಂಬ ಶಿಲೀಂಧ್ರ. ಇದರಲ್ಲಿ ಎರಡು ಪ್ರಭೇದಗಳಿವೆ. ‘ಇಮಿಟಿಸ್’ ಎಂಬುದು ಮುಖ್ಯವಾಗಿ ಕ್ಯಾಲಿಫೋರ್ನಿಯಾದ್ದು. ‘ಪೊಸಾಡಸಿ’ ಎಂಬುದು ಅರಿಜೋನಾ, ಟೆಕ್ಸಸ್, ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ್ದು. ಎರಡೂ ತರುವ ಕಾಯಿಲೆ ಒಂದೇ.

ಮಳೆ ಬಿದ್ದು ಮಣ್ಣು ತೇವಗೊಂಡಾಗ ಈ ಶಿಲೀಂಧ್ರ ನೆಲದ ಮೇಲ್ಪದರದೊಳಗೆ ಕಣ್ಣಿಗೆ ಕಾಣದ ಎಳೆಗಳಾಗಿ ಬೆಳೆಯುತ್ತದೆ. ಮಣ್ಣು ಒಣಗತೊಡಗಿದಂತೆ ಆ ಎಳೆಯಲ್ಲಿ ಒಂದು ಬಿಟ್ಟು ಒಂದು ಕೋಶ ಸಾಯುತ್ತದೆ; ನಡುವೆ ಉಳಿದ ಕೋಶಗಳು ಪುಟ್ಟ ಪೀಪಾಯಿಯ ಆಕಾರದ ಬೀಜಾಣುಗಳಾಗಿ ಗಟ್ಟಿಯಾಗುತ್ತವೆ. ಆಮೇಲೆ ಗುದ್ದಲಿಯ ಒಂದು ಏಟು ಬಿದ್ದರೂ, ಜೆಸಿಬಿಯ ಚಕ್ರ ಉರುಳಿದರೂ, ಜೋರಾಗಿ ಗಾಳಿ ಬೀಸಿದರೂ ಸಾಕು. ಸತ್ತ ಕೋಶವಿದ್ದ ಜಾಗದಲ್ಲಿ ಎಳೆ ಮುರಿದು ಬೀಜಾಣುಗಳು ದೂಳಿನೊಡನೆ ಮೇಲೇಳುತ್ತವೆ. ಒಂದೊಂದರ ಅಳತೆ 3ರಿಂದ 5 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೂಗು ಮತ್ತು ಗಂಟಲಿನ ತಡೆಗಳನ್ನು ದಾಟಿ ಶ್ವಾಸಕೋಶದ ತುದಿಯವರೆಗೆ ಇಳಿಯಲು ತಕ್ಕ ಗಾತ್ರವೇ ಇದು.

ಶ್ವಾಸಕೋಶದ ಬಿಸಿಯಲ್ಲಿ ಬೀಜಾಣು ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ. ಎಳೆಯಾಗಿ ಬೆಳೆಯುವ ಬದಲು ದಪ್ಪ ಗೋಡೆಯ ಗೋಲವಾಗಿ ಊದಿಕೊಂಡು, ಒಳಗೆ ನೂರಾರು ಮರಿಕೋಶಗಳನ್ನು ತುಂಬಿಕೊಂಡು ಒಡೆಯುತ್ತದೆ; ಒಂದೊಂದು ಮರಿಕೋಶವೂ ಮತ್ತೊಂದು ಗೋಲವಾಗಬಲ್ಲದು. ರೋಗ ಒಬ್ಬರಿಂದ ಒಬ್ಬರಿಗೆ ಹರಡದಿರುವುದಕ್ಕೆ ಕಾರಣ ಇಲ್ಲಿದೆ. ಗಾಳಿಯಲ್ಲಿ ತೇಲಬಲ್ಲ ಬೀಜಾಣು ಹುಟ್ಟುವುದು ಮಣ್ಣಿನಲ್ಲಿ ಬೆಳೆದ ಎಳೆಯಿಂದ, ರೋಗಿಯ ದೇಹದೊಳಗಿನ ಗೋಲದಿಂದ ಅಲ್ಲ. ಆದ್ದರಿಂದ ರೋಗಿ ಕೆಮ್ಮಿದರೆ ಪಕ್ಕದಲ್ಲಿ ಕುಳಿತವರಿಗೆ ಅಪಾಯವಿಲ್ಲ. ಆತನನ್ನು ಬೇರೆ ಕೋಣೆಯಲ್ಲಿ ಇರಿಸಬೇಕಾಗಿಯೂ ಇಲ್ಲ, ತಟ್ಟೆ–ಲೋಟ ಬೇರೆ ಮಾಡಬೇಕಾಗಿಯೂ ಇಲ್ಲ.

ಈ ಎರಡು ರೂಪಗಳ ಆಟ ವೈದ್ಯರನ್ನೂ ಬಹಳ ಕಾಲ ದಾರಿ ತಪ್ಪಿಸಿತ್ತು. 1892ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಹಾಂದ್ರೊ ಪೊಸಾಡಸ್ ಎಂಬ ವೈದ್ಯ ವಿದ್ಯಾರ್ಥಿ ಒಬ್ಬ ಸೈನಿಕನ ಚರ್ಮದ ಗಾಯದಲ್ಲಿ ಈ ಗೋಲಗಳನ್ನು ಮೊದಲು ಕಂಡಾಗ ಅವು ಏಕಕೋಶದ ಪರಾವಲಂಬಿ ಪ್ರಾಣಿಗಳೆಂದೇ ಎಣಿಸಲಾಯಿತು. ಅದು ಶಿಲೀಂಧ್ರವೆಂದು ಖಚಿತವಾದದ್ದು 1900ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕೃಷಿ ಕಾರ್ಮಿಕರನ್ನು ಕಾಡುತ್ತಿದ್ದ ‘ಕಣಿವೆ ಜ್ವರ’ವೂ, ವೈದ್ಯಗ್ರಂಥಗಳಲ್ಲಿ ಅಪರೂಪದ ಮಾರಕ ರೋಗವೆಂದು ದಾಖಲಾಗಿದ್ದ ಇದೂ ಒಂದೇ ಎಂದು ತಿಳಿಯಲು 1930ರ ದಶಕ ಬರಬೇಕಾಯಿತು. ಒಂದೇ ಸೋಂಕು ಬಹುಮಂದಿಯಲ್ಲಿ ಸೌಮ್ಯವಾಗಿಯೂ ಕೆಲವರಲ್ಲಿ ಘೋರವಾಗಿಯೂ ಇರಬಲ್ಲದು ಎಂಬುದು ಆಗ ವೈದ್ಯರಿಗೂ ಹೊಸ ಮಾತಾಗಿತ್ತು. ಇಂದಿನ ತಲೆಬರಹಗಳ ವಿರೋಧಾಭಾಸಕ್ಕೂ ಮೂಲ ಅದೇ.

ಯಾವ ನೆಲದಲ್ಲಿದೆ, ಯಾವ ನೆಲದಲ್ಲಿಲ್ಲ

ಮಳೆ ಕಡಿಮೆ, ಬೇಸಿಗೆ ಉರಿಬಿಸಿಲು, ಚಳಿಗಾಲ ಸೌಮ್ಯ, ಮಣ್ಣು ಕ್ಷಾರೀಯ: ಇಂಥ ನೆಲ ಈ ಶಿಲೀಂಧ್ರಕ್ಕೆ ಇಷ್ಟ. ಅಮೆರಿಕದಲ್ಲಿ ವರದಿಯಾಗುವ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಹುತೇಕ ವರ್ಷಗಳಲ್ಲಿ ಅರಿಜೋನಾದ್ದೇ. ಅದರಲ್ಲೂ ಫೀನಿಕ್ಸ್ ಇರುವ ಮ್ಯಾರಿಕೋಪಾ, ಟೂಸಾನ್ ಇರುವ ಪೀಮಾ, ಇವೆರಡರ ನಡುವಿನ ಪಿನಾಲ್ ಕೌಂಟಿಗಳದ್ದೇ ಸಿಂಹಪಾಲು. ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ವಾಕೀನ್ ಕಣಿವೆಯ ದಕ್ಷಿಣ ತುದಿಯ ಕರ್ನ್ ಕೌಂಟಿ ಇದರ ತವರು. ನೆವಾಡಾ, ಯೂಟಾ, ನ್ಯೂ ಮೆಕ್ಸಿಕೊ, ಟೆಕ್ಸಸ್, ಉತ್ತರ ಮೆಕ್ಸಿಕೊಗಳಲ್ಲೂ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೆಲವು ಒಣ ಪ್ರದೇಶಗಳಲ್ಲೂ ಇದೆ.

ನಕ್ಷೆಯಲ್ಲಿ ಬಣ್ಣ ಬಳಿದಷ್ಟು ಏಕರೂಪವಾಗಿ ಅದು ನೆಲದಲ್ಲಿ ಹರಡಿಲ್ಲ. ಒಂದು ಕಡೆ ಅಗೆದ ಮಣ್ಣಿನಲ್ಲಿ ಸಿಕ್ಕಿದ್ದು ಕೆಲವೇ ಮೀಟರ್ ಆಚೆಯ ಮಣ್ಣಿನಲ್ಲಿ ಸಿಗದಿರಬಹುದು. ಹಾಗೆಯೇ ನಕ್ಷೆಯ ಹೊರಗೂ ಅದು ಕಾಣಿಸಿಕೊಂಡಿದೆ. 2001ರಲ್ಲಿ ಯೂಟಾದ ಈಶಾನ್ಯ ಮೂಲೆಯ ಡೈನೋಸಾರ್ ರಾಷ್ಟ್ರೀಯ ಸ್ಮಾರಕದಲ್ಲಿ ಪುರಾತತ್ವ ಉತ್ಖನನ ನಡೆಸಿದ ತಂಡಕ್ಕೆ ಸೋಂಕು ತಗಲಿತು. 2010ರಲ್ಲಿ, ಯಾರೂ ನಿರೀಕ್ಷಿಸದಿದ್ದ ವಾಷಿಂಗ್ಟನ್ ರಾಜ್ಯದ ಒಣ ಪೂರ್ವ ಭಾಗದಲ್ಲಿ ಪ್ರವಾಸದ ಹಿನ್ನೆಲೆಯೇ ಇಲ್ಲದ ಮೂವರು ರೋಗಿಗಳು ಸಿಕ್ಕರು. ಬಳಿಕ ಅಲ್ಲಿನ ಮಣ್ಣಿನಲ್ಲೂ ಶಿಲೀಂಧ್ರ ದೊರೆಯಿತು. ಟೆಕ್ಸಸ್‌ನಲ್ಲಿ ಈ ರೋಗವನ್ನು ಸರ್ಕಾರಕ್ಕೆ ವರದಿ ಮಾಡುವ ಕಡ್ಡಾಯವೇ ಇಲ್ಲ, ಹಾಗಾಗಿ ಆ ದೊಡ್ಡ ರಾಜ್ಯದ ಲೆಕ್ಕ ರಾಷ್ಟ್ರೀಯ ಸಂಖ್ಯೆಯಲ್ಲಿ ಸೇರಿಲ್ಲ.

ಅಮೆರಿಕ ಖಂಡಗಳ ಹೊರಗೆ ಈ ಶಿಲೀಂಧ್ರ ಮಣ್ಣಿನಲ್ಲಿ ನೆಲೆಸಿರುವುದು ಎಲ್ಲೂ ಕಂಡುಬಂದಿಲ್ಲ. ರಾಯಚೂರು, ಬಳ್ಳಾರಿಗಳ ಬಿಸಿಲೂ ದೂಳೂ ಅರಿಜೋನಾವನ್ನು ನೆನಪಿಸಬಹುದಾದರೂ ಅಲ್ಲಿನ ದೂಳಿನಿಂದ ಈ ಜ್ವರ ಬರುವುದಿಲ್ಲ.

ಸಂಖ್ಯೆ ಏರಿದ್ದಕ್ಕೆ ಮೂರು ವಿವರಣೆಗಳು

ಪ್ರಕರಣಗಳು ಹೆಚ್ಚಿದ್ದೇಕೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಮೊದಲನೆಯದು ಹವಾಮಾನದ ವಿವರಣೆ. ಮಳೆಗಾಲದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ನಂತರದ ಒಣಹವೆಯಲ್ಲಿ ಬೀಜಾಣುಗಳು ಹಾರುತ್ತವೆ ಎಂಬುದು ಇದರ ತಿರುಳು. ಕ್ಯಾಲಿಫೋರ್ನಿಯಾದ ದತ್ತಾಂಶವನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಸೂಕ್ಷ್ಮವಾದ ಮಾತು ಹೇಳಿತು: ಬರಗಾಲದಲ್ಲಿ ಪ್ರಕರಣಗಳು ತಗ್ಗುತ್ತವೆ, ಬರ ಮುಗಿದು ಚೆನ್ನಾಗಿ ಮಳೆಯಾದ ಮೇಲೆ ಹಿಂದಿಗಿಂತ ಹೆಚ್ಚಾಗಿ ಏರುತ್ತವೆ. ದೀರ್ಘ ಬರದಲ್ಲಿ ಮಣ್ಣಿನ ಇತರ ಸೂಕ್ಷ್ಮಜೀವಿಗಳು ಸಾಯುತ್ತವೆ. ಬಿಸಿಲನ್ನು ತಾಳಬಲ್ಲ ಈ ಶಿಲೀಂಧ್ರ ಉಳಿದುಕೊಂಡು, ಮಳೆ ಬಂದಾಗ ಪೈಪೋಟಿಯೇ ಇಲ್ಲದ ನೆಲದಲ್ಲಿ ಹರಡಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ಕಾರಣ. ಕ್ಯಾಲಿಫೋರ್ನಿಯಾದಲ್ಲಿ 2020–22ರ ಬರದ ಬೆನ್ನಿಗೇ 2022–23ರ ಚಳಿಗಾಲದಲ್ಲಿ ಭಾರೀ ಮಳೆ ಸುರಿದು, ಆಮೇಲೆ ಪ್ರಕರಣಗಳು ಏರಿದ್ದು ಈ ವಿವರಣೆಗೆ ಹೊಂದುತ್ತದೆ. ತಾಪಮಾನ ಏರಿಕೆ ಇದೇ ಗತಿಯಲ್ಲಿ ಸಾಗಿದರೆ ಶತಮಾನದ ಕೊನೆಗೆ ರೋಗಕ್ಕೆ ತಕ್ಕ ಹವೆಯುಳ್ಳ ರಾಜ್ಯಗಳು 12ರಿಂದ 17ಕ್ಕೆ ಏರಬಹುದೆಂದು 2019ರ ಒಂದು ಮುನ್ನಂದಾಜು ಹೇಳುತ್ತದೆ.

ಎರಡನೆಯದು ಮನುಷ್ಯರನ್ನೂ ನೆಲವನ್ನೂ ಕುರಿತ ವಿವರಣೆ. ಫೀನಿಕ್ಸ್ ಸುತ್ತ ಕಳೆದ ದಶಕಗಳಲ್ಲಿ ಮರುಭೂಮಿಯನ್ನು ಅಗೆದು ಬಡಾವಣೆ, ಹೆದ್ದಾರಿ, ಚಿಪ್ ಕಾರ್ಖಾನೆಗಳನ್ನು ಕಟ್ಟಲಾಗಿದೆ. ಒಂದೆಡೆ ಕದಡಿದ ಮಣ್ಣು, ಇನ್ನೊಂದೆಡೆ ಹಿಂದೆಂದೂ ಈ ಶಿಲೀಂಧ್ರವನ್ನು ಕಾಣದ, ಪ್ರತಿರೋಧ ಬೆಳೆಸಿಕೊಳ್ಳದ ಹೊಸ ನಿವಾಸಿಗಳು. ಒಮ್ಮೆ ಸೋಂಕು ತಗಲಿ ವಾಸಿಯಾದವರಿಗೆ ಸಾಮಾನ್ಯವಾಗಿ ಬಾಳಿಡೀ ರಕ್ಷಣೆ ಇರುವುದರಿಂದ ಹೊಸಬರು ಬಂದಷ್ಟೂ ರೋಗಿಗಳಾಗಬಲ್ಲವರ ಸಂಖ್ಯೆ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯಲ್ಲಿ ಸೌರ ವಿದ್ಯುತ್ ಸ್ಥಾವರಗಳನ್ನು ಕಟ್ಟುವಾಗ 2011ರಿಂದ 2014ರ ನಡುವೆ 44 ಕಾರ್ಮಿಕರು ರೋಗಕ್ಕೆ ತುತ್ತಾದರು. ರೋಗದ ತವರುಸೀಮೆಯಲ್ಲಿ ಕಟ್ಟಡ ಕೆಲಸ ಮಾಡಿಸುವವರು ಕಾರ್ಮಿಕರಿಗೆ ಇದರ ಬಗ್ಗೆ ತರಬೇತಿ ಕೊಡಲೇಬೇಕೆಂದು ಆ ರಾಜ್ಯ 2019ರಲ್ಲಿ ಕಾನೂನು ಮಾಡಿತು.

ಮೂರನೆಯದು ಎಣಿಕೆಯ ವಿವರಣೆ. ಪರೀಕ್ಷೆ ಹೆಚ್ಚಿದರೆ ರೋಗವೂ ಹೆಚ್ಚಿದಂತೆ ಕಾಣುತ್ತದೆ. ಅರಿಜೋನಾದಲ್ಲಿ 2009ರಲ್ಲಿ ಒಂದು ದೊಡ್ಡ ಪ್ರಯೋಗಾಲಯ ತಾನು ವರದಿ ಮಾಡುವ ಪರೀಕ್ಷೆಯ ಮಾನದಂಡವನ್ನು ಬದಲಿಸಿದ್ದೇ ತಡ, ರಾಜ್ಯದ ಅಂಕಿ ಒಮ್ಮೆಗೇ ಜಿಗಿದು 2011ರಲ್ಲಿ 16 ಸಾವಿರ ದಾಟಿತು. ಮುಂದೆ ಕ್ರಮ ಮತ್ತೆ ಬದಲಾದಾಗ ಅಂಕಿ ಇಳಿಯಿತು. ಮಣ್ಣಾಗಲಿ ಗಾಳಿಯಾಗಲಿ ಅಷ್ಟು ಬೇಗ ಬದಲಾಗಿರಲಾರವು.

ಈ ಮೂರರಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಬಿಡುವುದು ಸರಿಯಲ್ಲ. ಆದರೂ ಎಣಿಕೆಯ ವಾದವೊಂದರಿಂದಲೇ ಈಚಿನ ಏರಿಕೆಯನ್ನೆಲ್ಲ ವಿವರಿಸಲಾಗದು. ಮಳೆ–ಬರದ ಸರದಿಗೆ ತಕ್ಕಂತೆ ಅಂಕಿ ಏರಿಳಿಯುವುದು ನೆಲದಲ್ಲೇ ಏನೋ ಬದಲಾಗುತ್ತಿರುವ ಸೂಚನೆ. ಜೊತೆಗೆ, ಎಣಿಕೆಗೆ ಸಿಗದೆ ಉಳಿದವರ ಸಂಖ್ಯೆ ಸಿಕ್ಕವರಿಗಿಂತ ಬಹಳ ದೊಡ್ಡದು. ನಿಜವಾದ ಪ್ರಕರಣಗಳು ವರದಿಯಾದದ್ದರ 10ರಿಂದ 18 ಪಟ್ಟು ಇರಬಹುದೆಂಬ ಅಂದಾಜಿದೆ. ಹಾಗಾಗಿ ಪರೀಕ್ಷೆ ಹೆಚ್ಚಿ ಅಂಕಿ ಏರಿದರೆ ಅದನ್ನು ಕೆಟ್ಟ ಸುದ್ದಿ ಎಂದೇ ಓದಬೇಕಾಗಿಲ್ಲ. ಮೊದಲು ಹೆಸರಿಲ್ಲದೆ ನರಳುತ್ತಿದ್ದವರಿಗೆ ಈಗ ಕಾಯಿಲೆಯ ಹೆಸರಾದರೂ ಗೊತ್ತಾಗುತ್ತಿದೆ.

ದೂಳಿನ ಬಿರುಗಾಳಿಯ ಪಾತ್ರದ ಬಗ್ಗೆಯೂ ವಾದವಿದೆ. 1977ರ ಡಿಸೆಂಬರ್‌ನಲ್ಲಿ ಕರ್ನ್ ಕೌಂಟಿಯಲ್ಲಿ ಎದ್ದ ಬಿರುಗಾಳಿ ದೂಳನ್ನು ನೂರಾರು ಕಿಲೋಮೀಟರ್ ಉತ್ತರಕ್ಕೆ ಒಯ್ದು, ರೋಗದ ಸುಳಿವೇ ಇಲ್ಲದಿದ್ದ ಊರುಗಳಲ್ಲಿ ಜ್ವರ ತಂದಿತು. 1994ರ ಜನವರಿಯ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡಗಳು ಕುಸಿದೆದ್ದ ದೂಳಿನಿಂದ ವೆಂಚುರಾ ಕೌಂಟಿಯಲ್ಲಿ 203 ಮಂದಿಗೆ ರೋಗ ಬಂದು ಮೂವರು ತೀರಿಕೊಂಡರು. ಆದರೆ ಫೀನಿಕ್ಸ್‌ನಲ್ಲಿ ಬೇಸಿಗೆಯಲ್ಲಿ ಗೋಡೆಯಂತೆ ಎದ್ದುಬರುವ ‘ಹಬೂಬ್’ ಬಿರುಗಾಳಿಗಳಿಗೂ ಪ್ರಕರಣಗಳ ಏರಿಕೆಗೂ ಸ್ಥಿರವಾದ ನಂಟು ಕಾಣುವುದಿಲ್ಲವೆಂದು 2021ರ ಅಧ್ಯಯನವೊಂದು ಹೇಳಿದೆ. ದೂಳು ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ನೆಲದಿಂದ ಎದ್ದದ್ದು ಎಂಬುದೇ ಮುಖ್ಯವೆಂದು ಇದರಿಂದ ತೋರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ವಾಕೀನ್ ಕಣಿವೆಯ ಸೇನಾ ವಿಮಾನ ತರಬೇತಿ ನೆಲೆಗಳಲ್ಲಿ ಹುಲ್ಲು ಬೆಳೆಸಿ, ರಸ್ತೆಗಳಿಗೆ ಡಾಂಬರು ಹಾಕಿದಾಗ ಸೈನಿಕರಲ್ಲಿ ಸೋಂಕು ಗಣನೀಯವಾಗಿ ತಗ್ಗಿದ್ದೂ ಈ ಮಾತನ್ನು ಬೆಂಬಲಿಸುತ್ತದೆ: ಕಾಲಡಿಯ ನೆಲವನ್ನು ಮುಚ್ಚಿದರೆ ಉಪಯೋಗವಿದೆ.

ಸೋಂಕು ತಗಲಿದ ಮೇಲೆ

ಬೀಜಾಣುವನ್ನು ಉಸಿರಾಡಿದ ನೂರು ಜನರಲ್ಲಿ ಸುಮಾರು 60 ಮಂದಿಗೆ ಏನೂ ಆಗುವುದಿಲ್ಲ. ಉಳಿದವರಿಗೆ ಒಂದರಿಂದ ಮೂರು ವಾರದೊಳಗೆ ಜ್ವರ, ಕೆಮ್ಮು, ಎದೆನೋವು, ರಾತ್ರಿ ಬೆವರು, ಕೀಲುನೋವು ಕಾಣಿಸುತ್ತವೆ. ಕೆಲವರಿಗೆ ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಸುಸ್ತು. ಜ್ವರ ಬಿಟ್ಟ ಮೇಲೂ ಮೆಟ್ಟಿಲು ಹತ್ತಲಾಗದಂಥ ಆಯಾಸ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ನೂರಕ್ಕೆ 5ರಿಂದ 10 ಮಂದಿಗೆ ಶ್ವಾಸಕೋಶದಲ್ಲಿ ಗಂಟು ಅಥವಾ ಕುಳಿ ಉಳಿಯುತ್ತದೆ. ಸುಮಾರು ನೂರಕ್ಕೆ ಒಬ್ಬರಲ್ಲಿ ಶಿಲೀಂಧ್ರ ರಕ್ತದ ಮೂಲಕ ಚರ್ಮ, ಮೂಳೆ, ಕೀಲು, ಮಿದುಳಿನ ಪೊರೆಗೆ ಹಬ್ಬುತ್ತದೆ. ಎಚ್‌ಐವಿ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಸ್ಟೆರಾಯ್ಡ್ ಸೇವಿಸುವವರು, ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಈ ಅಪಾಯ ಹೆಚ್ಚು. ಆಫ್ರಿಕನ್ ಮತ್ತು ಫಿಲಿಪಿನೊ ಮೂಲದವರಲ್ಲೂ ಹೆಚ್ಚೆಂದು ಬಹಳ ಹಿಂದಿನಿಂದ ಕಂಡುಬಂದಿದೆ. ಸ್ಯಾನ್ ವಾಕೀನ್ ಕಣಿವೆಯಲ್ಲಿನ ಎರಡು ಸೆರೆಮನೆಗಳಿಂದ ಹೆಚ್ಚು ಅಪಾಯವಿರುವ ಕೈದಿಗಳನ್ನು ಸ್ಥಳಾಂತರಿಸಬೇಕೆಂದು ಅಮೆರಿಕದ ಫೆಡರಲ್ ನ್ಯಾಯಾಲಯ 2013ರಲ್ಲಿ ಆದೇಶಿಸಿದ್ದು ಈ ಕಾರಣಕ್ಕೆ. ಮಧುಮೇಹಿಗಳಲ್ಲಿ ಶ್ವಾಸಕೋಶದ ಕುಳಿಯಂಥ ತೊಡಕುಗಳು ಹೆಚ್ಚು. ಭಾರತೀಯರಲ್ಲಿ ಮಧುಮೇಹ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ತಿಳಿಯಲು ತಡವಾಗುವುದೇಕೆ

ರೋಗಿ ಕೆಮ್ಮು–ಜ್ವರವೆಂದು ವೈದ್ಯರ ಬಳಿ ಹೋಗುತ್ತಾನೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಒಂದು ಭಾಗ ಬೆಳ್ಳಗೆ ಕಾಣುತ್ತದೆ. ನ್ಯುಮೋನಿಯಾ ಎಂದು ಬ್ಯಾಕ್ಟೀರಿಯಾ ವಿರುದ್ಧದ ಆ್ಯಂಟಿಬಯಾಟಿಕ್ ಬರೆದುಕೊಡುತ್ತಾರೆ. ಶಿಲೀಂಧ್ರದ ಮೇಲೆ ಅದು ಕೆಲಸ ಮಾಡುವುದಿಲ್ಲ. ಒಂದು ವಾರದ ಬಳಿಕ ಇನ್ನೊಂದು ಆ್ಯಂಟಿಬಯಾಟಿಕ್, ಅದಾದ ಮೇಲೆ ಮತ್ತೊಂದು. ರೋಗ ಇಷ್ಟೊಂದಿರುವ ಅರಿಜೋನಾದಲ್ಲೇ ಹೀಗಾಗುತ್ತದೆ. ಅಲ್ಲಿ ಆಸ್ಪತ್ರೆಯ ಹೊರಗೆ ಬರುವ ನ್ಯುಮೋನಿಯಾಗಳಲ್ಲಿ ಶೇ 15ರಿಂದ 30ರಷ್ಟಕ್ಕೆ ಈ ಶಿಲೀಂಧ್ರವೇ ಕಾರಣವೆಂದು ಅಧ್ಯಯನಗಳು ಹೇಳಿವೆ. ಆದರೂ ಅದರ ಪರೀಕ್ಷೆಗೆ ಚೀಟಿ ಬರೆಯುವವರು ಕಡಿಮೆ.

ಪರೀಕ್ಷೆಯಲ್ಲೂ ತೊಡಕಿದೆ. ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವುದು ಸಾಮಾನ್ಯ ವಿಧಾನ. ಅವು ಮೂಡಲು ಕೆಲವು ವಾರ ಬೇಕು. ಮೊದಲ ವಾರದಲ್ಲೇ ಮಾಡಿದ ಪರೀಕ್ಷೆ ನೆಗೆಟಿವ್ ಬಂದರೆ ರೋಗವಿಲ್ಲವೆಂದು ತೀರ್ಮಾನಿಸುವಂತಿಲ್ಲ, ಮತ್ತೆ ಮಾಡಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಪ್ರತಿಕಾಯ ಮೂಡದೆಯೂ ಇರಬಹುದು. ಎಲೈಸಾ ಮಾದರಿಯ ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಇಮ್ಯುನೊಡಿಫ್ಯೂಷನ್ ಎಂಬ ಇನ್ನೊಂದು ವಿಧಾನದಿಂದ ಖಚಿತಪಡಿಸಿಕೊಳ್ಳುತ್ತಾರೆ. ಕಾಂಪ್ಲಿಮೆಂಟ್ ಫಿಕ್ಸೇಷನ್ ಎಂಬ ಪರೀಕ್ಷೆ ಪ್ರತಿಕಾಯದ ಪ್ರಮಾಣವನ್ನೇ ಅಳೆಯುತ್ತದೆ. ಅದು ಏರುತ್ತಾ ಹೋದರೆ ರೋಗ ಶ್ವಾಸಕೋಶದಾಚೆಗೆ ಹಬ್ಬುತ್ತಿದೆಯೇ ಎಂದು ವೈದ್ಯರು ಹುಡುಕತೊಡಗುತ್ತಾರೆ.

ವಿಳಂಬಕ್ಕೆ ತೆರಬೇಕಾದ ಬೆಲೆ ಬಗೆಬಗೆಯದು. ಬೇಡದ ಆ್ಯಂಟಿಬಯಾಟಿಕ್‌ಗಳು ಮೊದಲನೆಯವು. ಶ್ವಾಸಕೋಶದ ಗಂಟನ್ನು ಕ್ಯಾನ್ಸರ್ ಎಂದು ಶಂಕಿಸಿ ಬಯಾಪ್ಸಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಆಗುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಬೇರೆ ಕಾಯಿಲೆಯೆಂದು ಭಾವಿಸಿ ಸ್ಟೆರಾಯ್ಡ್ ಕೊಡುವುದು. ದೇಹ ಹಿಡಿದಿಟ್ಟಿದ್ದ ಸೋಂಕು ಆಗ ಅಂಕೆ ತಪ್ಪಿ ಹಬ್ಬಬಹುದು.

ಔಷಧ ಕೊಡಬೇಕೇ, ಕಾಯಬೇಕೇ?

ರೋಗ ಮೈಯಲ್ಲಿ ಹಬ್ಬಿದವರಿಗೆ ಚಿಕಿತ್ಸೆ ಕೊಡಲೇಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಾಮಾನ್ಯವಾಗಿ ಬಳಸುವುದು ಫ್ಲುಕೊನಜೋಲ್ ಮಾತ್ರೆ. ಮೂಳೆಗೆ ಹಬ್ಬಿದ್ದರೆ ಹಲವರು ಇಟ್ರಾಕೊನಜೋಲ್ ಆರಿಸುತ್ತಾರೆ. ಸ್ಥಿತಿ ಗಂಭೀರವಾದಾಗ ಆಂಫೊಟೆರಿಸಿನ್ ಬಿ ಚುಚ್ಚುಮದ್ದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಮಾತ್ರೆಗಳಿಂದ ಭ್ರೂಣಕ್ಕೆ ತೊಂದರೆಯಾಗಬಹುದಾದ್ದರಿಂದ ಆಗಲೂ ಆಂಫೊಟೆರಿಸಿನ್ನೇ. ಮಿದುಳಿನ ಪೊರೆಗೆ ಸೋಂಕು ತಗಲಿದವರು ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ. ಗುಣವಾಯಿತೆಂದು ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಅದು ಮರುಕಳಿಸಿದೆ.

ವಿವಾದ ಇರುವುದು ಸಾಧಾರಣ ನ್ಯುಮೋನಿಯಾ ಬಂದ, ಬೇರೆ ಕಾಯಿಲೆಯಿಲ್ಲದ ರೋಗಿಯ ಬಗ್ಗೆ. ಅಂಥವರಿಗೆ ಔಷಧ ಬೇಡ, ರೋಗದ ಬಗ್ಗೆ ತಿಳಿಹೇಳಿ, ನಿಗಾ ಇಟ್ಟು, ಶಕ್ತಿ ಮರಳಲು ವ್ಯಾಯಾಮ ಕೊಡಿಸಿದರೆ ಸಾಕು ಎಂಬುದು ಅಮೆರಿಕದ ಸೋಂಕುರೋಗ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿ. ಔಷಧ ಕೊಟ್ಟರೆ ಇವರು ಬೇಗ ಗುಣವಾಗುತ್ತಾರೆ ಅಥವಾ ರೋಗ ಹಬ್ಬುವುದು ತಪ್ಪುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲವೆಂಬುದು ಅದರ ಆಧಾರ. ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡರೆ ಕೂದಲು ಉದುರುತ್ತದೆ, ತುಟಿ–ಚರ್ಮ ಒಣಗಿ ಬಿರಿಯುತ್ತವೆ. ಕೆಲವು ಔಷಧಗಳ ಜೊತೆ ಸೇರಿದರೆ ಹೃದಯದ ಲಯವೂ ಕೆಡಬಹುದು. ಇದಕ್ಕೆ ಎದುರಾಗಿ, ತವರುಸೀಮೆಯ ಅನೇಕ ವೈದ್ಯರು ಔಷಧವನ್ನು ಬರೆಯುತ್ತಲೇ ಇದ್ದಾರೆ. ಯಾರಲ್ಲಿ ರೋಗ ಹಬ್ಬೀತೆಂದು ಮುಂಚೆಯೇ ಹೇಳಲಾಗದಿರುವಾಗ, ನರಳುತ್ತಿರುವ ರೋಗಿಯ ಮುಂದೆ ಕೈಕಟ್ಟಿ ಕೂರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಎರಡೂ ಕಡೆಯವರು ಒಪ್ಪುವ ಒಂದು ಮಾತಿದೆ, ಸುದ್ದಿಗಳಲ್ಲಿ ಬಿಟ್ಟುಹೋಗುವುದೂ ಅದೇ: ಔಷಧ ಬೇಡವೆಂದರೆ ರೋಗಿಯನ್ನು ಮನೆಗೆ ಕಳಿಸಿ ಮರೆಯುವುದೆಂದು ಅರ್ಥವಲ್ಲ. ಕೆಲವು ತಿಂಗಳಿಗೊಮ್ಮೆ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಮಾಡಿಸುತ್ತಾ ಒಂದು ವರ್ಷವಾದರೂ ನಿಗಾ ಇಡಬೇಕು. ಬಿಡದ ತಲೆನೋವು, ವಾಸಿಯಾಗದ ಚರ್ಮದ ಗಾಯ ಅಥವಾ ಹೊಸದಾಗಿ ಮೂಳೆನೋವು ಕಂಡರೆ ಕೂಡಲೇ ಬರಬೇಕು. ರೋಗದ ಹೆಸರನ್ನೇ ಪತ್ತೆ ಮಾಡದಿದ್ದರೆ ಈ ನಿಗಾ ಸಾಧ್ಯವಿಲ್ಲ. ಆದ್ದರಿಂದ ಔಷಧ ಕೊಡದ ರೋಗಿಗೂ ರೋಗನಿರ್ಣಯದಿಂದ ಪ್ರಯೋಜನವಿದೆ.

ಲಸಿಕೆಯ ವಿಷಯದಲ್ಲಿ ಸ್ವಲ್ಪ ಭರವಸೆಯಿದೆ. ನೆಲ ಮೂಸುವ ನಾಯಿಗಳೂ ಈ ರೋಗಕ್ಕೆ ತುತ್ತಾಗುತ್ತವೆ; ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಂಶವಾಹಿಯನ್ನು ಕಿತ್ತು ನಿರಪಾಯಗೊಳಿಸಿದ ಶಿಲೀಂಧ್ರದಿಂದ ರೂಪಿಸಿದ ಲಸಿಕೆ ನಾಯಿಗಳಲ್ಲಿ ಒಳ್ಳೆಯ ರಕ್ಷಣೆ ತೋರಿದೆ. ಮನುಷ್ಯರಿಗೆ ಇನ್ನೂ ಇಲ್ಲ.

ಊರಿಗೆ ಮರಳಿದ ಮೇಲೆ

ಮಗಳ ಬಾಣಂತನಕ್ಕೆಂದು ಫೀನಿಕ್ಸ್‌ಗೆ ಹೋಗಿ ಆರು ತಿಂಗಳಿದ್ದು ಮರಳುವ ತಾಯಿ–ತಂದೆ, ಕೆಲಸಕ್ಕೆ ಹೋಗಿ ಬರುವ ಎಂಜಿನಿಯರುಗಳು, ಓದು ಮುಗಿಸಿ ಬಂದ ವಿದ್ಯಾರ್ಥಿಗಳು ಕರ್ನಾಟಕದ ಊರುಗಳಲ್ಲಿ ಕಡಿಮೆಯೇನಿಲ್ಲ. ಸೋಂಕು ತಗಲಿ ಒಂದರಿಂದ ಮೂರು ವಾರದ ಮೇಲೆ ರೋಗ ತೋರುವುದರಿಂದ ಜ್ವರ ಶುರುವಾಗುವುದು ಮೈಸೂರಿನ ಅಥವಾ ಹುಬ್ಬಳ್ಳಿಯ ಮನೆಯಲ್ಲಿರಬಹುದು. ರಾತ್ರಿ ಬೆವರು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಕುಳಿ: ಇಷ್ಟನ್ನು ಕಂಡ ಇಲ್ಲಿನ ವೈದ್ಯರು ಮೊದಲು ಕ್ಷಯವನ್ನು ಶಂಕಿಸುವುದು ಸರಿಯೇ, ಏಕೆಂದರೆ ಇಲ್ಲಿ ಅದೇ ಹೆಚ್ಚು. ತೊಂದರೆಯಾಗುವುದು ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಆರು ತಿಂಗಳ ಕ್ಷಯದ ಔಷಧವನ್ನು ಶುರುಮಾಡಿದಾಗ. ಗಂಗಾ ಬಯಲಿನ ಹಿಸ್ಟೊಪ್ಲಾಸ್ಮೋಸಿಸ್, ಮಣಿಪುರದ ಟಲರೊಮೈಕೋಸಿಸ್‌ಗಳಂಥ ನಮ್ಮದೇ ದೇಶದ ಶಿಲೀಂಧ್ರ ರೋಗಗಳೂ ಇದೇ ರೀತಿ ಕ್ಷಯವೆಂದು ತಪ್ಪಾಗಿ ಚಿಕಿತ್ಸೆ ಪಡೆದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿ ಸಾಕಷ್ಟಿವೆ. ರೋಗಿ ಯಾವ ಸೀಮೆಯಲ್ಲಿದ್ದು ಬಂದವನು ಎಂದು ಕೇಳುವುದೇ ಈ ಎಲ್ಲದರಲ್ಲೂ ಮೊದಲ ಪರೀಕ್ಷೆ. ವೈದ್ಯರು ಕೇಳಲು ಮರೆತರೆ ರೋಗಿಯೇ ಹೇಳಬೇಕು, ಹೋಗಿ ಬಂದು ವರ್ಷಗಳಾಗಿದ್ದರೂ ಹೇಳಬೇಕು. ಒಳಗೆ ಅಡಗಿದ್ದ ಸೋಂಕು ಸ್ಟೆರಾಯ್ಡ್ ಅಥವಾ ಕಸಿಯ ಔಷಧ ಶುರುವಾದ ಮೇಲೆ ಏಳುವುದುಂಟು.

ಹೇಳಬೇಕಾದದ್ದು ವೈದ್ಯರಿಗೆ ಮಾತ್ರವಲ್ಲ. ರೋಗಿಯಿಂದ ಅಂಟದ ಈ ಶಿಲೀಂಧ್ರ, ಆತನ ಕಫವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದಾಗ ಮಣ್ಣಿನಲ್ಲಿದ್ದ ಎಳೆಯ ರೂಪಕ್ಕೇ ಮರಳುತ್ತದೆ. ಕೆಲವೇ ದಿನಗಳಲ್ಲಿ ತಟ್ಟೆಯ ಮೇಲೆ ಬಿಳಿ ಹತ್ತಿಯಂಥ ಬೂಷ್ಟು ಹರಡುತ್ತದೆ, ಎಳೆಗಳು ಒಣಗಿ ಬೀಜಾಣುಗಳಾಗುತ್ತವೆ. ಅದೇನೆಂದು ತಿಳಿಯದ ತಂತ್ರಜ್ಞರೊಬ್ಬರು ಸಾಮಾನ್ಯ ಮೇಜಿನ ಮೇಲಿಟ್ಟು ಮುಚ್ಚಳ ತೆರೆದರೆ ಆ ಕೋಣೆಯ ಗಾಳಿಯೇ ಸೋಂಕಿನದಾಗುತ್ತದೆ. ಪ್ರಯೋಗಾಲಯದ ಸಿಬ್ಬಂದಿ ಹೀಗೆ ರೋಗಕ್ಕೆ ತುತ್ತಾದದ್ದು ಹಲವು ಬಾರಿ ದಾಖಲಾಗಿದೆ. ಆದ್ದರಿಂದ ಮಾದರಿಯೊಡನೆ ಕಳಿಸುವ ಚೀಟಿಯಲ್ಲಿ ರೋಗಿಯ ಹೆಸರು, ವಯಸ್ಸುಗಳ ಜೊತೆಗೆ ‘ಅರಿಜೋನಾದಲ್ಲಿದ್ದು ಬಂದವರು, ವ್ಯಾಲಿ ಫೀವರ್ ಶಂಕೆ’ ಎಂದು ಬರೆದಿರಬೇಕು. ಆಗ ಪ್ರಯೋಗಾಲಯದವರು ಆ ತಟ್ಟೆಯನ್ನು ಟೇಪು ಸುತ್ತಿ ಮುಚ್ಚಿ, ಸುರಕ್ಷತಾ ಕ್ಯಾಬಿನೆಟ್ಟಿನೊಳಗಷ್ಟೇ ತೆರೆಯುತ್ತಾರೆ.